ಬೀದಿಯಲ್ಲಿ ತೆಗೆದ ಫೋಟೋ: ಚೆನ್ನಾಗಿದೆಯಾ, ಹಂಚಬಹುದಾ?

ಪ್ರಶ್ನೆ: ಕೊಪ್ಪಳದ ಸಂತೆ, ಬಸ್ ಸ್ಟ್ಯಾಂಡ್, ಗವಿಮಠದ ಜಾತ್ರೆ ಅಂತ ಓಡಾಡುತ್ತಾ ಜನರಿಗೆ ಗೊತ್ತಾಗದಂತೆ ಅವರ ಫೋಟೋ ತೆಗೆಯುತ್ತೇನೆ. ಗೆಳೆಯರ ಗ್ರೂಪಿಗೆ ಹಾಕಿದರೆ ಎಲ್ಲರೂ 'ಸೂಪರ್' ಅಂತಾರೆ, ಇಲ್ಲವೇ 'ಏ, ಇವ್ರು ನಮ್ಮ ಓಣಿ ಕಾಕಾ' ಅಂತಾರೆ. ಚಿತ್ರ ನಿಜಕ್ಕೂ ಚೆನ್ನಾಗಿದೆಯೋ ಇಲ್ಲವೋ ತಿಳಿಯೋದು ಹೇಗೆ? ಕೇಳದೆ ತೆಗೆದದ್ದನ್ನು ಹೀಗೆ ಹಂಚಬಹುದಾ?

ಉತ್ತರ: ಫೋಟೋಗ್ರಫಿ ಹೇಳಿಕೊಡುವವರು ನಿಮ್ಮ ಮೊದಲ ಪ್ರಶ್ನೆಯನ್ನು ಕಲೆಯ ಲೆಕ್ಕಕ್ಕೆ, ಎರಡನೆಯದನ್ನು ಕಾನೂನಿನ ಲೆಕ್ಕಕ್ಕೆ ಹಾಕಿ ಬೇರೆ ಬೇರೆಯಾಗಿ ಉತ್ತರಿಸುತ್ತಾರೆ. ಕೊಪ್ಪಳ, ರಾಯಚೂರು, ಬಳ್ಳಾರಿಯಂಥ ಊರುಗಳಲ್ಲಿ ಹಾಗೆ ಬಿಡಿಸಿಡಲು ಬರುವುದಿಲ್ಲ. 'ಇವ್ರು ನಮ್ಮ ಓಣಿ ಕಾಕಾ' ಎಂದರಲ್ಲ ನಿಮ್ಮ ಗೆಳೆಯರು, ಎರಡೂ ತೊಡಕು ಹುಟ್ಟುವುದು ಅಲ್ಲಿಂದಲೇ.

ಈ ಬೀದಿ ಛಾಯಾಗ್ರಹಣ ಬೆಳೆದದ್ದು ಪ್ಯಾರಿಸ್, ನ್ಯೂಯಾರ್ಕ್, ಶಿಕಾಗೋದಂಥ ಮಹಾನಗರಗಳಲ್ಲಿ. ಅಲ್ಲಿ ಇವತ್ತು ಕಂಡ ಮುಖ ನಾಳೆ ಕಾಣುವುದು ಅಪರೂಪ. ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ತಿಯೇ ಬ್ರೆಸಾನ್ ಪುಟ್ಟ ಲೈಕಾ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿಕೊಂಡು, ಯಾರ ಗಮನಕ್ಕೂ ಬಾರದೆ ಗುಂಪಿನೊಳಗೆ ಓಡಾಡಿದರು. ಶಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದ ವಿವಿಯನ್ ಮೇಯರ್ ದಶಕಗಳ ಕಾಲ ಬೀದಿಯ ಜನರನ್ನು ತೆಗೆದರು. ಆ ಚಿತ್ರಗಳು ಲೋಕಕ್ಕೆ ಕಂಡದ್ದು 2007ರಲ್ಲಿ ಅವರ ಸಾಮಾನು ಹರಾಜಾದ ಮೇಲೆ. ನಮ್ಮಲ್ಲಿ ಹಾಗಲ್ಲ. ಬೆಳಿಗ್ಗೆ ಹತ್ತಕ್ಕೆ ತೆಗೆದ ಚಿತ್ರ ಊಟದ ಹೊತ್ತಿಗೆ ಅದರಲ್ಲಿರುವವರ ಅಳಿಯನ ಫೋನಿನಲ್ಲಿರುತ್ತದೆ. ಅಪರಿಚಿತರ ನಡುವೆ ಹುಟ್ಟಿದ ಪದ್ಧತಿಯನ್ನು ಪರಿಚಿತರ ನಡುವೆ ನಡೆಸುವುದು ಬೇರೆಯೇ ಕೆಲಸ, ಅದಕ್ಕೆ ಬೇರೆ ಎಚ್ಚರ ಬೇಕು.

ಮೊದಲು ಚಿತ್ರದ ವಿಷಯ. ಪರಿಚಯ ಇದ್ದಲ್ಲಿ ಜನ ಚಿತ್ರವನ್ನು ನೋಡುವುದಿಲ್ಲ, ಮನುಷ್ಯನನ್ನು ನೋಡುತ್ತಾರೆ. ಒಂದು ಉದಾಹರಣೆ ಎದುರಿಗಿಟ್ಟುಕೊಳ್ಳೋಣ. ಸಂತೆಯಲ್ಲಿ ಪುಂಡಿಪಲ್ಲೆ ಮಾರುವ ಅವ್ವ ಕೂತಿದ್ದಾರೆ. ಮೇಲೆ ನೀಲಿ ತಾಡಪಾಲು. ಕೊಳ್ಳುವವನ ಕೈ ಹತ್ತು ರೂಪಾಯಿ ನೋಟು ಹಿಡಿದು ಚೌಕಟ್ಟಿನ ಬಲಗಡೆಯಿಂದ ಒಳಗೆ ಬಂದಿದೆ. ಅವ್ವ ಸಿವುಡನ್ನು ಮುಂದೆ ಚಾಚಿದ್ದಾರೆ, ಹಿಡಿತ ಮಾತ್ರ ಬಿಟ್ಟಿಲ್ಲ. ಹಿಂದೆ ಕರೆಂಟಿನ ಕಂಬ. ಎಡಗಡೆ ಅಂಚಿನಲ್ಲಿ ಯಾರದೋ ಗುಲಾಬಿ ಬಣ್ಣದ ಕ್ಯಾರಿಬ್ಯಾಗು.

ಗ್ರೂಪಿನಲ್ಲಿ ಬರುವ ಮಾತು: 'ಈಕಿ ನಮ್ಮೂರಾಕಿ, ಭಾಳ ಚೊಲೋ ಮಾತಾಡ್ತಾಳ.' ಮಾತು ನಿಜವಿರಬಹುದು, ಆದರೆ ಅದು ಚಿತ್ರದಲ್ಲಿಲ್ಲ. ಚಿತ್ರದಲ್ಲಿರುವುದು ಎರಡು ಕೈ. ನೋಟು ಇನ್ನೂ ಬಂದಿಲ್ಲ, ಸಿವುಡು ಇನ್ನೂ ಹೋಗಿಲ್ಲ. ವ್ಯಾಪಾರದ ಅನುಮಾನವೂ ಒಪ್ಪಿಗೆಯೂ ಆ ಗೇಣು ಜಾಗದಲ್ಲೇ ಇದೆ, ಚಿತ್ರದ ಜೀವವೂ ಅಲ್ಲೇ. ಹಾಗಿದ್ದರೆ ಕೆಟ್ಟಿರುವುದೇನು? ಕಂಬ ಅವ್ವನ ತಲೆಯಿಂದಲೇ ಎದ್ದು ನಿಂತಂತಿದೆ. ತೆಗೆಯುವವರು ಅರ್ಧ ಹೆಜ್ಜೆ ಬಲಕ್ಕೆ ಸರಿದಿದ್ದರೆ ಪಕ್ಕಕ್ಕೆ ಹೋಗುತ್ತಿತ್ತು. ಗುಲಾಬಿ ಚೀಲ ಇಡೀ ಚಿತ್ರದಲ್ಲೇ ಹೊಳೆಯುವ ವಸ್ತುವಾಗಿ ಕಣ್ಣನ್ನು ಅಂಚಿಗೆ ಎಳೆಯುತ್ತದೆ. ಅದು ಕ್ರಾಪ್ ಮಾಡಿದರೆ ಹೋಗುತ್ತದೆ. ನೀಲಿ ತಾಡಪಾಲಿನಿಂದ ಸೋಸಿ ಬಂದ ಬೆಳಕು ಮುಖಕ್ಕೆ ನೀಲಿ ಬಳಿದಿದೆ, ಸೊಪ್ಪಿನ ಹಸಿರು ಮಂಕಾಗಿದೆ. ನಮ್ಮ ಸಂತೆಗಳಲ್ಲಿ ಇದು ದಿನನಿತ್ಯದ ಸಮಸ್ಯೆ, ಫೋನಿನ ಆಟೋ ಬಣ್ಣಕ್ಕೆ ಸರಿಯಾಗಿ ಬಗೆಹರಿಯುವುದೂ ಇಲ್ಲ. ತಾಡಪಾಲಿನ ಅಂಚಿನಲ್ಲಿ, ಹೊರಗಿನ ಬೆಳಕು ತಾಗುವ ಕಡೆ ಕೂತವರನ್ನು ಹುಡುಕುವುದು ಒಳ್ಳೆಯದು. ಬೇಸಿಗೆಯಲ್ಲಂತೂ ರಾಯಚೂರಿನ ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿಂದ ಬಿದ್ದು, ತಲೆಗೆ ಸುತ್ತಿದ ಪಟಗದ ಕೆಳಗೆ ಕಣ್ಣೇ ಕಾಣದಂತೆ ಮಾಡುತ್ತದೆ. ಅಲ್ಲಿನ ತೀನ್ ಕಂದೀಲ್ ಪೇಟೆ ಕಡೆ ಹೋಗುವುದಿದ್ದರೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ.

ಪರಿಚಯವನ್ನು ಕಣ್ಣಿನಿಂದ ತೆಗೆದುಹಾಕಲು ಒಂದು ಉಪಾಯವಿದೆ, ಚಿತ್ರಕಾರರು ಬಹಳ ಹಿಂದಿನಿಂದ ಬಳಸುವಂಥದ್ದು: ಚಿತ್ರವನ್ನು ತಲೆಕೆಳಗು ಮಾಡಿ ನೋಡಿ. ಫೋನಿನಲ್ಲಿ ಎಡಿಟ್‌ಗೆ ಹೋಗಿ ಎರಡು ಸಲ ತಿರುಗಿಸಿದರೆ ಸಾಕು. ಆಗ ಕಾಕಾ ಕಾಕಾ ಆಗಿ ಉಳಿಯುವುದಿಲ್ಲ, ಅವ್ವ ಅವ್ವ ಆಗಿ ಉಳಿಯುವುದಿಲ್ಲ. ಬೆಳಕು, ನೆರಳು, ಗೆರೆ, ಬಣ್ಣದ ತೂಕ ಇಷ್ಟೇ ಉಳಿಯುತ್ತವೆ. ಆ ಗುಲಾಬಿ ಚೀಲ ತಕ್ಷಣ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು ಉಪಾಯ ಕಾಯುವುದು. ಅಮೆರಿಕದ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ ತೆಗೆದ ಫಿಲ್ಮ್ ರೀಲುಗಳನ್ನು ಬೇಕಂತಲೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ತೊಳೆಯದೆ ಇಡುತ್ತಿದ್ದರು. ತೆಗೆಯುವಾಗಿನ ಖುಷಿ ಚಿತ್ರದ ಬೆಲೆ ಕಟ್ಟುವಾಗ ಅಡ್ಡ ಬರಬಾರದು ಎಂಬುದು ಅವರ ಲೆಕ್ಕ. 1984ರಲ್ಲಿ ಅವರು ತೀರಿಕೊಂಡಾಗ ತೊಳೆಯದ ರೀಲುಗಳೇ ಸುಮಾರು 2,500 ಇದ್ದವು. ಅಷ್ಟು ದೂರ ಹೋಗಬೇಕಿಲ್ಲ. ಜಾತ್ರೆಯ ಚಿತ್ರಗಳನ್ನು ಜಾತ್ರೆ ಮುಗಿದು ಒಂದು ತಿಂಗಳ ಮೇಲೆ ತೆರೆದು ನೋಡಿ. ಗದ್ದಲ, ಧೂಳು, ಗೆಳೆಯರ ನಗು ಎಲ್ಲವೂ ನೆನಪಿನಿಂದ ಸ್ವಲ್ಪ ಇಳಿದಿರುತ್ತವೆ, ಚೌಕಟ್ಟಿನೊಳಗೆ ಏನಿದೆಯೋ ಅದಷ್ಟೇ ಮಾತಾಡುತ್ತದೆ. ಚೆನ್ನಾಗಿದೆ ಅಂದುಕೊಂಡ ಹತ್ತರಲ್ಲಿ ಒಂದೋ ಎರಡೋ ಉಳಿದರೆ ಅದು ಒಳ್ಳೆಯ ಫಸಲೇ.

ತಂತ್ರದ ಮಾತು ಬೇಗ ಮುಗಿಸುತ್ತೇನೆ. ಫೋನಿನ ಮುಖ್ಯ ಲೆನ್ಸ್ ಅಗಲವಾಗಿ ನೋಡುವಂಥದ್ದು, ಅದಕ್ಕೇ ಜನ ಚಿಕ್ಕದಾಗಿ ಕಾಣುತ್ತಾರೆ. ಜೂಮ್ ಎಳೆಯುವ ಬದಲು ಎರಡು ಹೆಜ್ಜೆ ಮುಂದೆ ಹೋಗಿ. ನಡೆಯುವವರನ್ನು ತೆಗೆಯುವಾಗ ಶಟರ್ (ಕ್ಯಾಮೆರಾ ಬೆಳಕಿಗೆ ತೆರೆದುಕೊಳ್ಳುವ ಹೊತ್ತು) 1/250 ಸೆಕೆಂಡಿಗಿಂತ ನಿಧಾನ ಆಗದಂತೆ ನೋಡಿಕೊಳ್ಳಿ. ಗ್ರೂಪಿಗೆ ಕಳಿಸುವಾಗ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ವಾಟ್ಸಾಪ್ ಚಿತ್ರವನ್ನು ಹಿಂಡಿ ಸಣ್ಣದು ಮಾಡುವುದರಿಂದ ಫೋಕಸ್, ನೆರಳಿನ ವಿವರದ ಬಗ್ಗೆ ಚರ್ಚೆ ಮಾಡಿ ಪ್ರಯೋಜನ ಇರುವುದಿಲ್ಲ.

ಬೇರೆಯವರ ಚಿತ್ರಕ್ಕೆ ನೀವು ಏನು ಹೇಳಬೇಕು? 'ಸೂಪರ್' ಅನ್ನುವುದು ಪ್ರೀತಿಯ ಮಾತು, ಅದನ್ನು ಹೇಳಬೇಡಿ ಅನ್ನುವುದಿಲ್ಲ. ಅದರ ಜೊತೆಗೆ ಒಂದೇ ಒಂದು ಸಾಲು ಸೇರಿಸಿ: ನನ್ನ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ ಹೋಯಿತು, ಎಲ್ಲಿ ನಿಂತಿತು. ಇದರಲ್ಲಿ ತೀರ್ಪಿಲ್ಲ, ಹಾಗಾಗಿ ಜಗಳವೂ ಇಲ್ಲ. 'ಮೊದಲು ಗುಲಾಬಿ ಚೀಲ ಕಂಡಿತು, ಕೈಗಳು ಆಮೇಲೆ ಕಂಡವು' ಎಂದರೆ ತೆಗೆದವರಿಗೆ ಎಲ್ಲವೂ ತಿಳಿಯುತ್ತದೆ. ತೆಗೆದವರು ಆ ಹೊತ್ತು ಸುಮ್ಮನಿರಬೇಕು. 'ಅಲ್ಲಾ, ಆವತ್ತು ಏನಾತಂದ್ರ…' ಎಂದು ಕಥೆ ಶುರು ಮಾಡಿದರೆ ನೋಡುವವರು ಕಥೆಯನ್ನೇ ಚಿತ್ರದೊಳಗೆ ಕಾಣತೊಡಗುತ್ತಾರೆ.

ಒಂದೇ ಗಳಿಗೆಯ ಐದಾರು ಚಿತ್ರಗಳನ್ನು ಸಾಲಾಗಿ ಇಟ್ಟು ತೋರಿಸುವುದು ಇನ್ನೂ ಒಳ್ಳೆಯದು. ಗವಿಮಠದ ದಾಸೋಹದಲ್ಲಿ ರೊಟ್ಟಿ ಮುರಿದು ಬಾಯಿಗಿಡುವವರನ್ನು ತೆಗೆದಿದ್ದೀರಿ ಅಂದುಕೊಳ್ಳಿ. ಬಾಯಿ ತೆರೆದ ಚಿತ್ರಕ್ಕೆ ಗ್ರೂಪಿನಲ್ಲಿ ನಗು ಸಿಗುತ್ತದೆ. ಅದರ ಹಿಂದಿನದರಲ್ಲಿ ಅವರು ಪಕ್ಕದ ಮಗುವಿನ ಎಲೆಗೆ ಒಂದು ತುಂಡು ಇಡುತ್ತಿರುತ್ತಾರೆ. ಯಾವುದನ್ನು ಆರಿಸುತ್ತೀರಿ? ಆ ಆಯ್ಕೆ ಚಿತ್ರದ ಗುಣಕ್ಕೂ ಸೇರಿದ್ದು, ಆ ಮನುಷ್ಯರಿಗೆ ನೀವು ತೋರುವ ಮರ್ಯಾದೆಗೂ ಸೇರಿದ್ದು. ನನ್ನ ಮಟ್ಟಿಗೆ ಎರಡನೆಯದು ಚಿತ್ರವಾಗಿಯೂ ಗೆಲ್ಲುತ್ತದೆ, ಯಾಕೆಂದರೆ ಅಲ್ಲಿ ಇಬ್ಬರ ನಡುವೆ ಏನೋ ನಡೆಯುತ್ತಿದೆ. ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವಾಗಲೂ ಹಾಗೇ. ಎಲ್ಲರ ಕ್ಯಾಮೆರಾ ಎತ್ತಿನ ಕಡೆಗೇ ಇರುತ್ತದೆ. ಸ್ವಲ್ಪ ತಿರುಗಿ, ಹಗ್ಗದಾಚೆ ಉಸಿರು ಬಿಗಿಹಿಡಿದು ನಿಂತ ಮುಖಗಳನ್ನು ನೋಡಿ.

ಬಡವರ ಚಿತ್ರ ತೆಗೆಯಲೇಬಾರದು ಅನ್ನುವ ವಾದವೂ ಇದೆ. ನಾನು ಒಪ್ಪುವುದಿಲ್ಲ. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ತಮ್ಮ ವೃತ್ತಿಯ ಬಹುಕಾಲವನ್ನು ಸಾಮಾನ್ಯ ಜನರ ನಡುವೆಯೇ ಕಳೆದರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ನಿಮಿತ್ತ, ವಿಶ್ವಸಂಸ್ಥೆಯ ಪ್ರಧಾನ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಬಡತನ ಇದೆ, ಅದಕ್ಕಿಂತ ಮುಂಚೆ ಆಟ, ಕೆಲಸ, ಸಂಕೋಚ, ಗತ್ತು ಇವೆ. ಮಲಗಿದ ಭಿಕ್ಷುಕರನ್ನು ದೂರದಿಂದ ಜೂಮ್ ಹಾಕಿ ತೆಗೆದು ಕಪ್ಪು ಬಿಳುಪು ಮಾಡುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ಅಂಥ ಚಿತ್ರ ಗ್ರೂಪಿಗೆ ಬಂದರೆ 'ಇದರಲ್ಲಿ ಇವರು ಏನು ಮಾಡುತ್ತಿದ್ದಾರೆ?' ಎಂದು ಕೇಳಿ ನೋಡಿ. ಉತ್ತರ ಇಲ್ಲದಿದ್ದರೆ ಆ ಚಿತ್ರಕ್ಕೆ ಕಾರಣವೂ ಇಲ್ಲ.

ಈಗ ಹಂಚುವ ವಿಷಯ. ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯುವುದನ್ನೇ ಒಟ್ಟಾರೆ ಅಪರಾಧ ಎನ್ನುವ ಕಾನೂನು ನಮ್ಮಲ್ಲಿಲ್ಲ. ಹಾಗಂತ ಬೀದಿಗೆ ಬಂದ ಕೂಡಲೇ ಖಾಸಗಿತನ ಕಳೆದುಹೋಗುವುದೂ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿದೆ. ಯಾರೂ ನೋಡುವುದಿಲ್ಲ ಎಂದು ಹೆಣ್ಣುಮಕ್ಕಳು ನಂಬಿರುವ ಸ್ಥಿತಿಯಲ್ಲಿ ಅವರ ಖಾಸಗಿ ಕ್ಷಣ ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಯಾರದೇ ದೇಹದ ಗುಪ್ತ ಭಾಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಇ ಸೆಕ್ಷನ್ ಅಡಿ ಅಪರಾಧ. ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೋದಾಗ ತುಂಗಭದ್ರೆಯ ದಡದಲ್ಲಿ ಮೀಯುವವರ, ಸೀರೆ ಬದಲಿಸುವವರ ಕಡೆ ಕ್ಯಾಮೆರಾ ತಿರುಗಿಸಲೇಬೇಡಿ. ಬೆಳಕು ಎಷ್ಟೇ ಚೆಂದ ಇರಲಿ.

ಕಾನೂನು ಬಿಟ್ಟ ಜಾಗದಲ್ಲಿ ನಮ್ಮೂರಿನ ರೀತಿ ಶುರುವಾಗುತ್ತದೆ. ಕಾಲೇಜಿನ ಹುಡುಗಿ ಗೆಳೆಯನ ಜೊತೆ ಒಗ್ಗರಣೆ ಮಿರ್ಚಿ ತಿನ್ನುವ ಚಿತ್ರ ಮುಂಬಯಿಯಲ್ಲಿ ಬರೀ ಚಿತ್ರ. ಇಲ್ಲಿ ಅದು ಅವಳ ಓದನ್ನೇ ನಿಲ್ಲಿಸಬಹುದು. ಕೆಲಸಕ್ಕೆ ರಜೆ ಹೇಳಿ ಜಾತ್ರೆಗೆ ಬಂದವರು, ಮನೆಯಲ್ಲಿ ಹೇಳದೆ ಆಸ್ಪತ್ರೆ ಬಾಗಿಲಲ್ಲಿ ಕೂತವರು, ಸಾಲ ಕೊಟ್ಟವರಿಗೆ ಮುಖ ತಪ್ಪಿಸಿಕೊಂಡವರು ಎಲ್ಲರೂ ನಿಮ್ಮ ಚೌಕಟ್ಟಿನೊಳಗೆ ಬಂದಿರುತ್ತಾರೆ, ನಿಮಗೆ ಅದು ಗೊತ್ತಿರುವುದಿಲ್ಲ. ಅದಕ್ಕೇ ತೆಗೆದ ದಿನವೇ ಸ್ಟೇಟಸ್‌ಗೆ ಹಾಕಬೇಡಿ. ತಿಂಗಳು ಬಿಟ್ಟು ನೋಡಿ ಎಂದೆನಲ್ಲ, ಆ ತಿಂಗಳು ಇದಕ್ಕೂ ಆಗುತ್ತದೆ. ಹೆಸರು, ಓಣಿ, ಅಂಗಡಿಯ ಗುರುತು ಬರೆಯಬೇಡಿ. ಶಾಲಾ ಮಕ್ಕಳ ಮುಖ ಸ್ಪಷ್ಟವಾಗಿದ್ದರೆ ಮನೆಯವರನ್ನು ಕೇಳಿಯೇ ಹಂಚಿ.

ಕ್ಯಾಂಡಿಡ್, ಅಂದರೆ ಗೊತ್ತಾಗದಂತೆ ತೆಗೆಯುವ ಚಿತ್ರ, ಎಂದ ಮಾತ್ರಕ್ಕೆ ತೆಗೆದ ಮೇಲೆ ಓಡಿಹೋಗಬೇಕು ಅಂತ ಏನಿಲ್ಲ. ಚಿತ್ರ ಸಿಕ್ಕ ಮೇಲೆ ಹತ್ತಿರ ಹೋಗಿ ಪರದೆ ತೋರಿಸಿ. 'ಯಾತಕ್ಕ ತಮ್ಮಾ ಇದು?' ಎಂದು ಕೇಳುತ್ತಾರೆ. ಸರಿಯಾಗಿ ಉತ್ತರ ಕೊಡಿ: 'ಚೆಂದ ಕಂಡ್ತು ಯವ್ವಾ, ನಿನ್ನ ಕೈ ನೋಡು.' ಬಹುತೇಕ ಮಂದಿ ನಗುತ್ತಾರೆ, ಮಕ್ಕಳ ಫೋನಿಗೆ ಕಳಿಸು ಎನ್ನುತ್ತಾರೆ. ಮುಂದಿನ ಸಂತೆಗೆ ಪ್ರಿಂಟ್ ಹಾಕಿಸಿ ಕೊಟ್ಟು ಬನ್ನಿ. ಬೇಡ ಎಂದವರ ಚಿತ್ರವನ್ನು ಅವರ ಎದುರಿಗೇ ಅಳಿಸಿ, 'ಡಿಲೀಟೆಡ್' ಫೋಲ್ಡರಿನಿಂದಲೂ ತೆಗೆಯಿರಿ. ಗ್ರೂಪಿಗೆ ಹೋದ ಮೇಲೆ ಯಾರಾದರೂ ಬೇಡವೆಂದರೆ 'ಎಲ್ಲರಿಗೂ ಅಳಿಸು' ಎಂಬುದು ವಾಟ್ಸಾಪಿನಲ್ಲಿ ಸುಮಾರು ಎರಡೂವರೆ ದಿನ ಮಾತ್ರ ನಡೆಯುತ್ತದೆ. ಅಷ್ಟರಲ್ಲಿ ಚಿತ್ರವನ್ನು ಇಳಿಸಿಕೊಂಡವರ ಫೋನಿನಿಂದ ಅದನ್ನು ಅಳಿಸಿಸಬೇಕೆಂದರೆ ಒಬ್ಬೊಬ್ಬರಿಗೂ ನೀವೇ ಫೋನ್ ಮಾಡಬೇಕಾಗುತ್ತದೆ. ಮಾಡಿ.