ಫ್ರಾನ್ಸಿಗೆ ಜಡ್ಜ್‌ಗಳ ಮೇಲೆ ಅನುಮಾನ, ಜರ್ಮನಿಗೆ ಅಧಿಕಾರದ ಮೇಲೆ

1871ರ ನವೆಂಬರ್‌ನಲ್ಲಿ ಫ್ರಾನ್ಸಿನ ಬೋರ್ಡೋ ಊರಿನಲ್ಲಿ ಆನ್ಯೆಸ್ ಬ್ಲಾಂಕೋ ಎಂಬ ಐದು ವರ್ಷದ ಹುಡುಗಿಗೆ ಗಾಡಿಯೊಂದು ಡಿಕ್ಕಿ ಹೊಡೆಯಿತು. ಅದು ಸರ್ಕಾರಿ ತಂಬಾಕು ಕಾರ್ಖಾನೆಯ ಗಾಡಿ, ತಳ್ಳುತ್ತಿದ್ದವರು ಅಲ್ಲಿನ ಕೆಲಸಗಾರರು. ಹುಡುಗಿಯ ಅಪ್ಪ ಪರಿಹಾರ ಕೊಡಿ ಅಂತ ದಾವೆ ಹಾಕಿದರು. ಪರಿಹಾರದ ಮಾತು ಬರುವ ಮೊದಲೇ ಬೇರೊಂದು ತಕರಾರು ಎದ್ದಿತು. ಸರ್ಕಾರದ ಮೇಲಿನ ಈ ಕೇಸನ್ನು ಯಾವ ಕೋರ್ಟು ಕೇಳಬೇಕು?

ಫ್ರಾನ್ಸಿನಲ್ಲಿ ಕೋರ್ಟುಗಳದ್ದು ಎರಡು ಸಾಲು. ಜನರ ನಡುವಿನ ವ್ಯಾಜ್ಯ, ಅಪರಾಧ ಎಲ್ಲ ಒಂದು ಸಾಲಿಗೆ. ಸರ್ಕಾರದ ಜೊತೆಗಿನ ವ್ಯಾಜ್ಯ ಇನ್ನೊಂದಕ್ಕೆ, ಅದರ ತುದಿಯಲ್ಲಿ ಇರುವುದು ಕೋನ್ಸೈ ದೆತಾ. ಯಾಕೆ ಹೀಗೆ ಅಂದರೆ, 1789ರ ಕ್ರಾಂತಿಗೆ ಮೊದಲು ಅಲ್ಲಿನ ದೊಡ್ಡ ಕೋರ್ಟುಗಳ ಜಡ್ಜ್‌ಗಳು ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು, ಮಕ್ಕಳಿಗೆ ಬಿಟ್ಟು ಹೋಗುತ್ತಿದ್ದರು, ರಾಜ ತೆರಿಗೆ ಸುಧಾರಣೆ ತರಲು ಹೊರಟರೆ ಆ ಆದೇಶವನ್ನು ದಾಖಲು ಮಾಡಿಕೊಳ್ಳದೆ ಸತಾಯಿಸುತ್ತಿದ್ದರು. ಕ್ರಾಂತಿ ಮಾಡಿದವರು ಇದನ್ನು ಮರೆಯಲಿಲ್ಲ. ಜಡ್ಜ್‌ಗಳು ಆಡಳಿತದಲ್ಲಿ ಕೈ ಹಾಕುವಂತಿಲ್ಲ ಅಂತ 1790ರಲ್ಲೇ ಕಾನೂನು ಮಾಡಿಬಿಟ್ಟರು.

ಬ್ಲಾಂಕೋ ಕೇಸು ಯಾವ ಸಾಲಿಗೆ ಸೇರಬೇಕು ಅಂತ ತೀರ್ಮಾನಿಸಲು ಮೂರನೆಯದೊಂದು ನ್ಯಾಯಮಂಡಳಿ ಕೂತಿತು. ಸದಸ್ಯರು ಸಮ ಸಮ ಒಡೆದುಹೋದರು. ಕೊನೆಗೆ ಮತ ಹಾಕಿ ತೀರ್ಮಾನ ಮಾಡಿದ್ದು ಸ್ವತಃ ಕಾನೂನು ಮಂತ್ರಿ! 1873ರ ಫೆಬ್ರವರಿ 8ರಂದು ಬಂದ ತೀರ್ಪು ಇಷ್ಟು: ಜನರ ನಡುವಿನ ವ್ಯವಹಾರಕ್ಕೆ ಬರೆದ ಸಿವಿಲ್ ಕೋಡ್ ಇಲ್ಲಿ ಸರ್ಕಾರಕ್ಕೆ ಅನ್ವಯಿಸುವುದಿಲ್ಲ, ಮಾಮೂಲಿ ಕೋರ್ಟು ಇದನ್ನು ಕೇಳುವಂತಿಲ್ಲ. ಸರ್ಕಾರವೇ ಪ್ರತಿವಾದಿ ಆಗಿರುವಾಗ ಮಂತ್ರಿಯ ಮತ ನಿರ್ಣಾಯಕ ಆಗುವುದು ನನ್ನ ಪ್ರಕಾರ ತಪ್ಪೇ. ಆ ಮಂಡಳಿಯಿಂದ ಮಂತ್ರಿಯನ್ನು ಹೊರಗಿಡಲು 2015ರವರೆಗೆ ಕಾಯಬೇಕಾಯಿತು. ವಾಹನ ಅಪಘಾತದ ಮಟ್ಟಿಗೆ ಮಾತ್ರ 1957ರಲ್ಲಿ ಕಾನೂನು ಬದಲಾಯಿತು. ಈಗ ಗಾಡಿ ಸರ್ಕಾರದ್ದೇ ಆಗಿದ್ದರೂ ಮಾಮೂಲಿ ಕೋರ್ಟಿಗೇ ಹೋಗಬಹುದು.

ಜರ್ಮನಿಯಲ್ಲಿ ಈ ಜಗಳವೇ ಹುಟ್ಟುವುದಿಲ್ಲ. ಅಲ್ಲೂ ಆಡಳಿತದ ವ್ಯಾಜ್ಯಕ್ಕೆ ಬೇರೆ ಕೋರ್ಟುಗಳಿವೆ, ನಿಜ. ಆದರೆ ಅಧಿಕಾರಿಯ ತಪ್ಪಿನಿಂದ ನಷ್ಟವಾದರೆ ಪರಿಹಾರಕ್ಕಾಗಿ ಮಾಮೂಲಿ ಕೋರ್ಟಿನ ಬಾಗಿಲು ಮುಚ್ಚುವಂತಿಲ್ಲ ಅಂತ 1949ರ ಸಂವಿಧಾನದ 34ನೇ ಕಲಮಿನಲ್ಲೇ ಬರೆದಿದೆ.

ಎರಡೂ ಸಿವಿಲ್ ಲಾ ದೇಶಗಳೇ. ಅಂದರೆ ಇಂಗ್ಲೆಂಡಿನ ಹಾಗೆ ಹಳೆಯ ತೀರ್ಪುಗಳ ಮೇಲೆ ಕಟ್ಟಿದ ಕಾನೂನಲ್ಲ, ಒಂದೇ ಕೋಡ್‌ನಲ್ಲಿ ಕ್ರಮವಾಗಿ ಬರೆದಿಟ್ಟ ಕಾನೂನು. ಫ್ರಾನ್ಸಿನ ಕೋಡ್ 1804ರದ್ದು, ಜರ್ಮನಿಯದ್ದು ಜಾರಿಗೆ ಬಂದಿದ್ದು 1900ರ ಜನವರಿ 1ರಂದು. ಇದು ನಮಗೆ ತೀರಾ ದೂರದ ವಿಷಯವೂ ಅಲ್ಲ. ಕಾರವಾರದಿಂದ ಗಡಿ ದಾಟಿದರೆ ಗೋವಾ. ಅಲ್ಲಿ ಮದುವೆ, ಗಂಡ ಹೆಂಡತಿಯ ಆಸ್ತಿಯ ವಿಷಯದಲ್ಲಿ ಇವತ್ತಿಗೂ ಪೋರ್ಚುಗಲ್ಲಿನ 1867ರ ಸಿವಿಲ್ ಕೋಡ್‌ನ ನಿಯಮಗಳು ನಡೆಯುತ್ತವೆ. ಮದುವೆಗೆ ಮೊದಲು ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಸಾಮಾನ್ಯವಾಗಿ ಆಸ್ತಿ ಇಬ್ಬರಿಗೂ ಸೇರಿದ್ದು.

ಇಂಥ ದೇಶಗಳಲ್ಲಿ ಜಡ್ಜ್‌ಗಳು ಸುಮ್ನೆ ಕೋಡ್ ತೆಗೆದು ಓದಿ ತೀರ್ಪು ಕೊಡುತ್ತಾರೆ ಅನ್ನುವ ಮಾತು ತುಂಬ ಕೇಳಿಬರುತ್ತದೆ. ಅದು ಅರ್ಧ ಮಾತ್ರ ಸರಿ. ಫ್ರಾನ್ಸಿನ ಕೋಡ್‌ನ 5ನೇ ಕಲಂ, ಜಡ್ಜ್‌ಗಳು ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ನಿಯಮ ಮಾಡಬಾರದು ಅನ್ನುತ್ತದೆ. ಅದರ ಹಿಂದಿನ 4ನೇ ಕಲಂ, ಕಾನೂನಿನಲ್ಲಿ ಏನೂ ಹೇಳಿಲ್ಲ, ಸ್ಪಷ್ಟವಾಗಿಲ್ಲ ಅಂತ ನೆಪ ಹೇಳಿ ತೀರ್ಪು ಕೊಡದೆ ಇರುವಂತಿಲ್ಲ ಅನ್ನುತ್ತದೆ. ಎರಡನ್ನೂ ಒಟ್ಟಿಗೆ ಪಾಲಿಸುವುದು ಕಷ್ಟ ಅಲ್ವಾ?

1925ರಲ್ಲಿ ಬೆಲ್ಫೋರ್ ಊರಿನಲ್ಲಿ ಒಂದು ಲಾರಿ ಮಗುಚಿ ಲೀಸ್ ಜಾಂಡರ್ ಎಂಬ ಇನ್ನೊಬ್ಬ ಹುಡುಗಿಗೆ ಪೆಟ್ಟಾಯಿತು. ಕುದುರೆ ಗಾಡಿಯ ಕಾಲದಲ್ಲಿ ಬರೆದ ಕೋಡ್ ಪ್ರಕಾರ ಚಾಲಕನ ತಪ್ಪನ್ನು ಪೆಟ್ಟು ತಿಂದವರೇ ಸಾಬೀತು ಮಾಡಬೇಕು. ಆದರೆ ಆಗಿನ 1384ನೇ ಕಲಮಿನಲ್ಲಿ, ನಮ್ಮ ವಶದಲ್ಲಿರುವ ವಸ್ತುಗಳಿಂದಾದ ಹಾನಿಗೂ ನಾವೇ ಹೊಣೆ ಅಂತ ಚಿಕ್ಕದೊಂದು ಮಾತಿತ್ತು. ಪ್ರಾಣಿಗಳು, ಕಟ್ಟಡಗಳ ಬಗ್ಗೆ ಮುಂದೆ ಬರುವ ಕಲಮುಗಳಿಗೆ ಪೀಠಿಕೆಯಾಗಿ ಬರೆದಿದ್ದ ಮಾತು ಅದು. 1930ರಲ್ಲಿ ಕೂರ್ ದ ಕಸಾಸಿಯೋಂ, ಅಂದರೆ ಮಾಮೂಲಿ ಕೋರ್ಟುಗಳ ಪೈಕಿ ಎಲ್ಲಕ್ಕಿಂತ ಮೇಲಿನದು, ಅದನ್ನೇ ಎತ್ತಿಕೊಂಡು ಇಡೀ ಒಂದು ನಿಯಮ ಕಟ್ಟಿತು: ವಸ್ತು ಯಾರ ವಶದಲ್ಲಿತ್ತೋ ಅವರೇ ಹೊಣೆ, ನನ್ನ ತಪ್ಪಿರಲಿಲ್ಲ ಅಂತ ತೋರಿಸಿದರೂ ಬಿಡುಗಡೆ ಇಲ್ಲ. ಅಪಘಾತಗಳಿಗೆ ಸಂಸತ್ತು ಪ್ರತ್ಯೇಕ ಕಾನೂನು ಮಾಡಿದ್ದು 1985ರಲ್ಲಿ. ಅಲ್ಲಿಯವರೆಗೆ, ಹೊಸ ನಿಯಮ ಮಾಡಬಾರದು ಅಂತ ಯಾರಿಗೆ ಹೇಳಿತ್ತೋ ಆ ಜಡ್ಜ್‌ಗಳೇ ಮಾಡಿದ ನಿಯಮದ ಮೇಲೆ ಇಡೀ ದೇಶದ ವಾಹನಗಳು ಓಡಿದವು. ಜರ್ಮನಿ ಮಾತ್ರ 1909ರಷ್ಟು ಮುಂಚೆಯೇ ಕಾನೂನು ಮಾಡಿ ಹೊಣೆಯನ್ನು ವಾಹನ ಇಟ್ಟುಕೊಂಡವರ ಮೇಲೆ ಹಾಕಿತ್ತು.

ಸರ್ಕಾರದ ರಚನೆಯಲ್ಲೂ ಹೀಗೇ. ಹಿಟ್ಲರ್ ಕಾಲ ಕಂಡ ಜರ್ಮನಿಗೆ ಅಂಕೆಯಿಲ್ಲದ ಅಧಿಕಾರದ ಭಯ. ಹಾಗಾಗಿ ಕಾರ್ಲ್ಸ್‌ರೂಹೆಯಲ್ಲಿ 1951ರಿಂದ ಸಂವಿಧಾನಕ್ಕೇ ಮೀಸಲಾದ ಕೋರ್ಟು ಇದೆ. 16 ಜಡ್ಜ್‌ಗಳು, 12 ವರ್ಷ, ಒಂದೇ ಅವಧಿ. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ಸಾಮಾನ್ಯ ನಾಗರಿಕರೂ ಅಲ್ಲಿಗೆ ದೂರು ಕೊಡಬಹುದು. ಫ್ರಾನ್ಸಿನದು ಬೇರೆ ಕಥೆ. ಎರಡನೇ ಮಹಾಯುದ್ಧದ ನಂತರದ ಹನ್ನೆರಡೇ ವರ್ಷದಲ್ಲಿ ಅಲ್ಲಿ 20ಕ್ಕೂ ಹೆಚ್ಚು ಸಂಪುಟಗಳು ಬಂದು ಹೋದವು. ಹಾಗಾಗಿ 1958ರ ಸಂವಿಧಾನ ಅಧ್ಯಕ್ಷರ ಕೈ ಬಲಪಡಿಸಿ ಸಂಸತ್ತಿಗೆ ಕಡಿವಾಣ ಹಾಕಿತು. ಸಂವಿಧಾನ ಮಂಡಳಿಯನ್ನು ಕಟ್ಟಿದ್ದೂ ಮುಖ್ಯವಾಗಿ ಸಂಸತ್ತು ಗಡಿ ಮೀರದಂತೆ ನೋಡಿಕೊಳ್ಳಲು. ಜಾರಿಯಲ್ಲಿರುವ ಕಾನೂನು ನನ್ನ ಹಕ್ಕಿಗೆ ವಿರುದ್ಧ ಅಂತ ನಾಗರಿಕರು ಅಲ್ಲಿ ಪ್ರಶ್ನಿಸಲು ಸಾಧ್ಯವಾಗಿದ್ದು 2010ರಿಂದ. ಅದೂ ನೇರವಾಗಿ ಅಲ್ಲ, ನಡೆಯುತ್ತಿರುವ ಕೇಸಿನ ಮೂಲಕ. ಇಷ್ಟು ತಡ ಆಗಬಾರದಿತ್ತು.

ಇನ್ನು ನೆದರ್ಲೆಂಡ್ಸ್. ಸಂಸತ್ತು ಮಾಡಿದ ಕಾನೂನು ಸಂವಿಧಾನಕ್ಕೆ ಹೊಂದುತ್ತದೋ ಇಲ್ಲವೋ ಅಂತ ಜಡ್ಜ್‌ಗಳು ನೋಡುವಂತಿಲ್ಲ ಎಂದು ಅಲ್ಲಿನ ಸಂವಿಧಾನದ 120ನೇ ಕಲಮೇ ಹೇಳುತ್ತದೆ. ಆದರೆ 94ನೇ ಕಲಂ ಪ್ರಕಾರ, ಜನರಿಗೆ ನೇರವಾಗಿ ಅನ್ವಯಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ವಿರುದ್ಧವಾದ ಕಾನೂನನ್ನು ಅದೇ ಜಡ್ಜ್‌ಗಳು ಬದಿಗಿಡಬಹುದು. ಹಾಗಾಗಿ ಅಲ್ಲಿ ಹಕ್ಕಿನ ಪ್ರಶ್ನೆ ಬಂದಾಗ ವಕೀಲರು ತಮ್ಮ ದೇಶದ ಸಂವಿಧಾನಕ್ಕಿಂತ ಜಾಸ್ತಿ ಯುರೋಪಿನ ಮಾನವ ಹಕ್ಕುಗಳ ಒಪ್ಪಂದವನ್ನೇ ನೆಚ್ಚಿಕೊಳ್ಳುತ್ತಾರೆ.