ಮೊದಲ ಪ್ರೋಗ್ರಾಮಿಂಗ್ ತರಗತಿಗೆ ಚಿತ್ರ, ಧ್ವನಿ ಬಂದ ಬಗೆ

ಕಾಲೇಜಿನ ಮೊದಲ ಕಂಪ್ಯೂಟರ್ ಕೋರ್ಸ್ ಹೇಗಿರಬೇಕೆಂಬ ಚರ್ಚೆ ಎಲ್ಲಿ ಶುರುವಾದರೂ ಪ್ರೋಗ್ರಾಮಿಂಗ್ ಭಾಷೆ ಸಿ ಇರಲೋ, ಜಾವಾ ಬರಲೋ, ಪೈಥಾನ್ ಸಾಕೋ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಪ್ರೋಗ್ರಾಮಿಂಗನ್ನು ಎಲ್ಲ ವಿದ್ಯಾರ್ಥಿಗಳೂ ಕಲಿಯಬೇಕೆಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಆಲನ್ ಪರ್ಲಿಸ್ 1961ರಲ್ಲೇ ವಾದಿಸಿದ್ದರು. 1964ರಲ್ಲಿ ಅಲ್ಲಿನ ಡಾರ್ಟ್‌ಮತ್ ಕಾಲೇಜಿನಲ್ಲಿ ಬೇಸಿಕ್ ಭಾಷೆ ಹುಟ್ಟಿತು. ಮುಂದೆ ಪಾಸ್ಕಲ್, ಸಿ++, ಜಾವಾ ಒಂದರ ಜಾಗಕ್ಕೆ ಇನ್ನೊಂದು ಬಂದವು. ಲ್ಯಾಬಿನ ಲೆಕ್ಕಗಳು ಮಾತ್ರ ಹೆಚ್ಚೇನೂ ಬದಲಾಗಲಿಲ್ಲ: ಅವಿಭಾಜ್ಯ ಸಂಖ್ಯೆ, ಫ್ಯಾಕ್ಟೋರಿಯಲ್, ಸಂಖ್ಯೆಗಳ ವಿಂಗಡಣೆ. (ನಮ್ಮಲ್ಲೂ ಸಿವಿಲ್, ಮೆಕ್ಯಾನಿಕಲ್‌ನವರು ಮೊದಲ ವರ್ಷ ಇವನ್ನೇ ರೆಕಾರ್ಡ್ ಪುಸ್ತಕಕ್ಕೆ ಇಳಿಸಿ ಸಹಿ ಹಾಕಿಸಿಕೊಂಡವರು.)

ತೊಡಕು ಎದ್ದು ಕಂಡದ್ದು ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ. ಯಾವ ವಿಭಾಗದವರಾದರೂ ಒಂದು ಕಂಪ್ಯೂಟಿಂಗ್ ಕೋರ್ಸ್ ಮುಗಿಸಲೇಬೇಕೆಂಬ ನಿಯಮ ಅಲ್ಲಿ 1999ರಲ್ಲಿ ಜಾರಿಗೆ ಬಂತು. ಒಟ್ಟು ಫಲಿತಾಂಶ ಪರವಾಗಿಲ್ಲ ಎನ್ನುವಂತಿದ್ದರೂ ಮಾನವಿಕ, ವಾಸ್ತುಶಿಲ್ಪ, ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಫೇಲಾಗುತ್ತಿದ್ದರು, ಇಲ್ಲವೇ ನಡುವೆಯೇ ಕೈಬಿಡುತ್ತಿದ್ದರು.

ಇವರಿಗೆಂದೇ ಅಲ್ಲಿನ ಪ್ರಾಧ್ಯಾಪಕ ಮಾರ್ಕ್ ಗಜ್ಡಿಯಲ್ 2003ರಲ್ಲಿ 'ಮೀಡಿಯಾ ಕಂಪ್ಯೂಟೇಶನ್' ಎಂಬ ಕೋರ್ಸ್ ಆರಂಭಿಸಿದರು. ಅದರ ಭಾಷೆ ಪೈಥಾನ್ ಎಂಬುದು ನನ್ನ ಮಟ್ಟಿಗೆ ಸಣ್ಣ ಸಂಗತಿ. ವಿದ್ಯಾರ್ಥಿ ತನ್ನದೇ ಫೋಟೊ ತೆರೆದು, ಪ್ರತಿ ಪಿಕ್ಸೆಲ್‌ನ (ಚಿತ್ರದ ಒಂದೊಂದು ಚುಕ್ಕಿಯ) ಕೆಂಪು, ಹಸಿರು, ನೀಲಿ ಬೆಲೆಗಳನ್ನು ಗರಿಷ್ಠ ಬೆಲೆಯಾದ 255ರಿಂದ ಕಳೆಯುವ ಪುಟ್ಟ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಬರೆದರೆ ಪರದೆಯ ಮೇಲೆ ನೆಗೆಟಿವ್ ಮೂಡುತ್ತದೆ. ಹಸಿರು, ನೀಲಿಯನ್ನು ಮಾತ್ರ 0.7ರಿಂದ ಗುಣಿಸಿದರೆ ನಡುಹಗಲಿನ ಕಡಲತೀರಕ್ಕೆ ಸಂಜೆಗೆಂಪು ಹತ್ತುತ್ತದೆ. ಲೂಪ್ ಅರ್ಧ ಚಿತ್ರಕ್ಕೇ ನಿಂತರೆ ಮುಖದ ಅರ್ಧ ಮಾತ್ರ ಬಣ್ಣ ತಿರುಗಿ, ತಪ್ಪೆಲ್ಲಿದೆಯೆಂಬುದು ಕಣ್ಣಿಗೇ ಕಾಣುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳಿರುವ, ಅಂದರೆ ಅಷ್ಟು ಬಾರಿ ಅಳೆದ ಸಂಖ್ಯೆಗಳಿರುವ, ಧ್ವನಿಯನ್ನು ಕೊನೆಯಿಂದ ಮೊದಲಿಗೆ ಓದಿಸಿ ಮಾತನ್ನು ತಿರುಗುಮುರುಗಾಗಿ ಕೇಳಿಸಿಕೊಂಡವರಿಗೆ 'ಅರೇ' (array, ಸಾಲಾಗಿ ಜೋಡಿಸಿದ ಬೆಲೆಗಳ ಪಟ್ಟಿ) ಎಂದರೇನೆಂದು ಬೇರೆ ಹೇಳಬೇಕಾಗುತ್ತಿರಲಿಲ್ಲ. ಮೊದಲ ತಂಡದ 121 ಮಂದಿಯಲ್ಲಿ ಮೂರನೇ ಎರಡರಷ್ಟು ಮಹಿಳೆಯರಿದ್ದರು. ಬಹುಪಾಲು ಜನ ತೇರ್ಗಡೆಯಾದರು.

ಗೋಜಲು ಹೆಚ್ಚಿದ್ದು ಈ ಮಾದರಿ ಬೇರೆಡೆಗೆ ಹೋದಾಗ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇದರ ಜೊತೆಗೇ ಇಬ್ಬರು ಒಂದೇ ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೆಯುವ ಪದ್ಧತಿಯನ್ನೂ, ತರಗತಿಯಲ್ಲಿ ಪರಸ್ಪರ ಚರ್ಚಿಸಿ ಉತ್ತರಿಸುವ ಕ್ರಮವನ್ನೂ ತಂದರು. ಉಳಿದುಕೊಂಡವರ ಸಂಖ್ಯೆ ಏರಿತಾದರೂ ಅದರ ಶ್ರೇಯಸ್ಸು ಮೂರರಲ್ಲಿ ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. 2013ರಲ್ಲಿ ಹತ್ತು ವರ್ಷಗಳ ಅನುಭವವನ್ನು ಮತ್ತೆ ಪರಿಶೀಲಿಸಿದ ಗಜ್ಡಿಯಲ್ ಅವರೇ, ಕೋರ್ಸ್ ಬಿಡುವವರು ಕಡಿಮೆಯಾದರು ಎಂಬುದಕ್ಕೆ ಇರುವಷ್ಟು ಗಟ್ಟಿಯಾದ ಆಧಾರ ಹೆಚ್ಚು ಕಲಿತರು ಎಂಬುದಕ್ಕೆ ಇಲ್ಲವೆಂದು ಬರೆದರು.