ನೇಂದ್ರ ಬಾಳೆ ಹೊದ್ದ ಗಾಳಿಯ ಕಂಬಳಿ

ಮೊದಲ ಸಲ ಏರ್ ಫ್ರೈಯರ್‌ನಲ್ಲಿ ನೇಂದ್ರ ಬಾಳೆಹಣ್ಣು ಮಾಡಿದಾಗ ನನಗೆ ಸಿಕ್ಕಿದ್ದು ಬರೀ ಬೆಂದ ಹಣ್ಣು. ಬಿಸಿಯಾಗಿತ್ತು, ಮೆತ್ತಗಿತ್ತು, ಸಿಹಿಯೂ ಇತ್ತು. ಆದರೆ ಕೆಂಪಾಗಿರಲಿಲ್ಲ. ನಾಲ್ಕೈದು ಹಣ್ಣಿನ ಹೋಳುಗಳನ್ನು ಒಂದರ ಮೇಲೊಂದು ಪೇರಿಸಿ, 180 ಡಿಗ್ರಿಯಲ್ಲಿ 10 ನಿಮಿಷ ಇಟ್ಟಿದ್ದೆ. ಮರುದಿನ ಅದೇ ಬಿಸಿ, ಅಷ್ಟೇ ಹೊತ್ತು. ಆದರೆ ಎರಡೇ ಹಣ್ಣು, ಹೋಳುಗಳ ನಡುವೆ ಬೆರಳು ತೂರುವಷ್ಟು ಜಾಗ. ಈ ಸಲ ತುಪ್ಪದಲ್ಲಿ ಹುರಿದಂಥ ಬಣ್ಣ ಬಂತು, ಅಂಚು ಗರಿಯಾಯಿತು, ಅಡುಗೆಮನೆ ತುಂಬ ಘಮ.

ಎರಡೂ ದಿನ ಯಂತ್ರದಲ್ಲಿ ಒತ್ತಿದ ಅಂಕಿ ಒಂದೇ. ಹಾಗಾದರೆ ಕೆಂಪು ಬಣ್ಣ ಎಲ್ಲಿಂದ ಬಂತು? ಈ ಪ್ರಶ್ನೆಯ ಹಿಂದೆ ಹೊರಟರೆ ಕಡುಬು, ಮರದ ಪುಡಿ, ವಿಮಾನ ಎಲ್ಲ ದಾರಿಯಲ್ಲಿ ಸಿಗುತ್ತವೆ.

ಮಾಡುವ ಕ್ರಮ ಸುಲಭ, ಬೇಗ ಹೇಳಿಬಿಡುತ್ತೇನೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದ ಎರಡು ನೇಂದ್ರ ಹಣ್ಣು ತೆಗೆದುಕೊಳ್ಳಿ. ಸಿಪ್ಪೆ ಸುಲಿದು, ಓರೆಯಾಗಿ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ. ಒಂದು ಚಮಚ ತುಪ್ಪ ಸವರಿ. ಮೂರು ನಿಮಿಷ ಮೊದಲೇ ಬಿಸಿ ಮಾಡಿಟ್ಟ ಬುಟ್ಟಿಯಲ್ಲಿ ಒಂದೇ ಪದರವಾಗಿ ಜೋಡಿಸಿ. 180 ಡಿಗ್ರಿ, ಏಳು ನಿಮಿಷ. ಆಮೇಲೆ ತಿರುವಿ, ಒಂದು ಚಮಚ ಬೆಲ್ಲದ ಪುಡಿ, ಏಲಕ್ಕಿ, ಚಿಟಿಕೆ ಉಪ್ಪು ಉದುರಿಸಿ ಇನ್ನು ಮೂರು ನಿಮಿಷ. ನಿಮ್ಮ ಯಂತ್ರಕ್ಕೆ ಒಂದೆರಡು ನಿಮಿಷ ಆಚೀಚೆ ಆಗಬಹುದು.

ಪುತ್ತೂರಿನಿಂದ ಬಂದಿದ್ದ ದೊಡ್ಡಮ್ಮ ಇದನ್ನೆಲ್ಲ ನೋಡುತ್ತಾ ಕೇಳಿದರು, "ಎಣ್ಣೆಯೇ ಇಲ್ಲದೆ ಹುರಿಯುವುದಾ? ಅದೆಂಥದು ಮಾರಾಯ, ಒಳಗೆ ರೇಡಿಯೇಶನ್ ಉಂಟಾ?"

ಈ ಹೆದರಿಕೆ ಅವರೊಬ್ಬರದ್ದಲ್ಲ. ಮೊಬೈಲ್‌ನಲ್ಲಿ ಇಂಥ ಸಂದೇಶಗಳು ವಾರಕ್ಕೊಂದು ಬರುತ್ತವೆ. ಓದಿದವರೂ ನಂಬಿ ಮುಂದಕ್ಕೆ ಕಳಿಸುತ್ತಾರೆ. ನನಗೆ ಬೇಸರವಾಗುವುದು ಅಲ್ಲೇ. ಡಬ್ಬಿಯ ಒಳಗಿರುವುದು ಎರಡೇ ಮುಖ್ಯ ಭಾಗ. ಕರೆಂಟು ಹರಿದರೆ ಕಾಯುವ ಒಂದು ಕಾಯಿಲ್, ಅದರ ಮೇಲೊಂದು ಫ್ಯಾನ್. ಕಾಯ್ದ ಕಾಯಿಲ್ ಸೂಸುವುದು ಒಲೆಯ ಕೆಂಡ ಸೂಸುವಂಥದೇ ಶಾಖದ ಕಿರಣ. ಅದನ್ನೂ ರೇಡಿಯೇಶನ್ ಅನ್ನಬಹುದು. ಹಾಗೆ ನೋಡಿದರೆ ಹಪ್ಪಳ ಒಣಗಿಸುವ ಬಿಸಿಲೂ ರೇಡಿಯೇಶನ್ನೇ. ಮೈಕ್ರೋವೇವ್ ಓವನ್ ಬೇರೆ ಯಂತ್ರ, ಅದು ಆಹಾರದ ನೀರನ್ನು ರೇಡಿಯೋ ಜಾತಿಯ ಅಲೆಗಳಿಂದ ಬಿಸಿ ಮಾಡುತ್ತದೆ. ಅದರಿಂದಲೂ ಆಹಾರ ವಿಕಿರಣಶೀಲ ಆಗುವುದಿಲ್ಲ. ಬಿಸಿ ಮಾಡಿದ ಹಣ್ಣಿನಲ್ಲಿ ಸಿ ವಿಟಮಿನ್ ಸ್ವಲ್ಪ ಕಡಿಮೆಯಾಗುತ್ತದೆ, ಅದು ನಿಜ. ಪೊಟ್ಯಾಶಿಯಂ, ನಾರು ಎಲ್ಲಿಗೂ ಹೋಗುವುದಿಲ್ಲ.

"ಫ್ರೈಯರ್" ಅನ್ನುವ ಹೆಸರು ಮಾತ್ರ ದಾರಿ ತಪ್ಪಿಸುತ್ತದೆ. ಇದು ಹುರಿಯುವ ಯಂತ್ರ ಅಲ್ಲವೇ ಅಲ್ಲ. ಫ್ಯಾನ್ ಇರುವ ಒಂದು ಪುಟ್ಟ ಓವನ್. ನೇಂದ್ರ ಪೋಡಿಯ, ಅಂದರೆ ಬಜ್ಜಿಯ, ರುಚಿ ಇದರಲ್ಲಿ ಬರುವುದಿಲ್ಲ, ಅದಕ್ಕೆ ಎಣ್ಣೆಯ ಬಾಣಲೆಯೇ ಬೇಕು.

ಈಗ ಕೆಂಪು ಬಣ್ಣಕ್ಕೆ ಬರೋಣ. ಕೊಟ್ಟೆ ಕಡುಬನ್ನು ಹಬೆಯಲ್ಲಿ ಒಂದು ಗಂಟೆ ಇಡಿ, ಎರಡು ಗಂಟೆ ಇಡಿ. ಕೆಂಪಾಗುವುದಿಲ್ಲ. ಅದೇ ಹಿಟ್ಟನ್ನು ಕಾವಲಿಗೆ ಹುಯ್ಯಿರಿ, ಎರಡು ನಿಮಿಷಕ್ಕೆ ಹೊಂಬಣ್ಣ. ಯಾಕೆ? ಎಲ್ಲಿಯವರೆಗೆ ನೀರು ಇರುತ್ತದೋ ಅಲ್ಲಿಯವರೆಗೆ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕಾಗದದ ಲೋಟದಲ್ಲಿ ನೀರು ಕುದಿಸುವ ಪ್ರಯೋಗವನ್ನು ಶಾಲೆಯಲ್ಲಿ ನೋಡಿರಬಹುದು. ಕೆಳಗೆ ಉರಿ ಇದ್ದರೂ, ನೀರು ತಾಗಿರುವ ಕಡೆ ಕಾಗದ ಸುಡುವುದಿಲ್ಲ. ಬಂದ ಶಾಖವನ್ನೆಲ್ಲ ನೀರೇ ತಿಂದುಬಿಡುತ್ತದೆ.

ಎಷ್ಟು ತಿನ್ನುತ್ತದೆ ಗೊತ್ತಾ? 30 ಗ್ರಾಂ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 9 ಕಿಲೋಜೂಲ್ ಸಾಕು. ಅಷ್ಟೇ ನೀರನ್ನು ಆವಿ ಮಾಡಲು ಸುಮಾರು 68 ಕಿಲೋಜೂಲ್ ಬೇಕು. ಏಳು ಪಟ್ಟಿಗಿಂತಲೂ ಜಾಸ್ತಿ. ನೇಂದ್ರ ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ನೀರು. ಆದರೆ ಕೆಂಪು ಬಣ್ಣ ಚುರುಕಾಗಿ ಮೂಡಲು 140 ಡಿಗ್ರಿಯ ಹತ್ತಿರ ಬೇಕು. ಆ ಬಿಸಿಯಲ್ಲಿ ಸಕ್ಕರೆಯೂ ಅಮೈನೋ ಆಮ್ಲಗಳೂ ಸೇರಿ ನೂರಾರು ಹೊಸ ಪರಿಮಳಗಳನ್ನು ಹುಟ್ಟಿಸುತ್ತವೆ. 1912ರಲ್ಲಿ ಇದನ್ನು ವಿವರಿಸಿದ್ದು ಫ್ರಾನ್ಸಿನ ಲೂಯಿ ಕಮೀಯ್ ಮೇಯಾರ್. ದೋಸೆಯ ಕಂದು, ಹುರಿದ ಕಾಫಿ ಬೀಜದ ಘಮ, ಎಲ್ಲದರಲ್ಲೂ ಈ ಮೇಯಾರ್ ಕ್ರಿಯೆಯ ಕೈ ಇದೆ.

ಅಂದರೆ ನಮ್ಮ ಕೆಲಸ ಇಷ್ಟೇ. ಹಣ್ಣಿನ ಒಳಗೆ ನೀರು ಇರಲಿ, ಮೆತ್ತಗೆ ಬೇಯಲಿ. ಹೊರಗಿನ ತೆಳು ಪದರ ಮಾತ್ರ ಬೇಗ ಒಣಗಬೇಕು. ಫ್ಯಾನ್ ಮಾಡುವುದು ಇದನ್ನೇ, ಬೇಗ ಬೇಗ ಒಣಗಿಸುವುದನ್ನು.

ಆದರೆ ಹೇಗೆ? ಇಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಬರುತ್ತದೆ. ಪ್ರತಿ ವಸ್ತುವೂ ಮೈಗೆ ಅಂಟಿಕೊಂಡ ಒಂದು ಗಾಳಿಯ ಕಂಬಳಿ ಹೊದ್ದಿರುತ್ತದೆ. ಸುತ್ತಲಿನ ಗಾಳಿ ಸುಮ್ಮನಿದ್ದರೆ ಅದು ಕೆಲವು ಮಿಲಿಮೀಟರ್ ದಪ್ಪ ಇರುತ್ತದೆ. ಗಾಳಿ ಬೀಸಿದರೆ ತೆಳ್ಳಗಾಗುತ್ತದೆ. ಬಿಸಿ ಕಾಫಿ ಊದುತ್ತೇವಲ್ಲ, ಆಗ ನಾವು ಆ ಕಂಬಳಿಯನ್ನೇ ಸರಿಸುತ್ತಿರುತ್ತೇವೆ. ಡಿಸೆಂಬರ್ ಬೆಳಗ್ಗೆ ಸ್ಕೂಟರ್ ಏರಿದ ತಕ್ಷಣ ಚಳಿ ಕಚ್ಚುತ್ತದೆ. ಹೊರಗಿನ ಗಾಳಿ ತಣ್ಣಗಾದದ್ದಲ್ಲ, ನಮ್ಮ ಕಂಬಳಿ ಹಾರಿದ್ದು. ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಫ್ಯಾನಿನ ಕೆಳಗೆ ಹರವುತ್ತೇವೆ. ಬಟ್ಟೆಯ ಮೈಗೆ ಅಂಟಿಕೊಂಡ ತೇವದ ಗಾಳಿಯನ್ನು ಫ್ಯಾನ್ ತಳ್ಳುತ್ತದೆ, ಬಟ್ಟೆ ಒಣಗುತ್ತದೆ.

ಈ ಕಂಬಳಿ ಎರಡೂ ಕಡೆಗೆ ಕೆಲಸ ಮಾಡುತ್ತದೆ ಅನ್ನುವುದೇ ಚೆಂದ. ಸುತ್ತಲಿನ ಗಾಳಿ ತಣ್ಣಗಿದ್ದರೆ ಒಳಗಿನ ಬಿಸಿಯನ್ನು ಕಾಯುತ್ತದೆ. ಸುತ್ತಲಿನ ಗಾಳಿ ಬಿಸಿ ಇದ್ದರೆ ಹೊರಗಿನ ಬಿಸಿಯನ್ನು ತಡೆಯುತ್ತದೆ. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಗಾಳಿ ಮುಖಕ್ಕೆ ರಾಚಿದವರಿಗೆ ಇದು ಗೊತ್ತು. ಬುಟ್ಟಿಯಲ್ಲಿರುವ ಹಣ್ಣಿನ ಕಥೆಯೂ ಅದೇ. ಗಾಳಿ ಶಾಖ ಸಾಗಿಸುವುದರಲ್ಲಿ ತುಂಬ ನಿಧಾನ, ನೀರಿಗೆ ಹೋಲಿಸಿದರೆ ಇಪ್ಪತ್ತು ಪಟ್ಟಿಗೂ ಹಿಂದೆ. ಅದಕ್ಕೇ 180 ಡಿಗ್ರಿಯ ಗಾಳಿ ಒಂದು ಕ್ಷಣ ಕೈಗೆ ತಾಗಿದರೆ ಏನೂ ಆಗುವುದಿಲ್ಲ, 100 ಡಿಗ್ರಿಯ ನೀರು ಬಿದ್ದರೆ ಬೊಬ್ಬೆ ಬರುತ್ತದೆ. ಇಷ್ಟು ನಿಧಾನದ ಗಾಳಿ ಹಣ್ಣಿನ ಸುತ್ತ ಕಂಬಳಿಯಾಗಿ ನಿಂತರೆ ಕೆಲಸ ಮುಗಿಯುವುದು ಯಾವಾಗ? ಫ್ಯಾನ್ ಆ ಕಂಬಳಿಯನ್ನು ಸುಲಿಯುತ್ತಲೇ ಇರುತ್ತದೆ. ಬಿಸಿ ಹತ್ತಿರ ಬರುತ್ತದೆ, ಆವಿ ದೂರ ಹೋಗುತ್ತದೆ. ಒಂದೇ ಬೀಸಿಗೆ ಎರಡು ಕೆಲಸ.

ಈ ಕಂಬಳಿಯನ್ನು ಲೆಕ್ಕಕ್ಕೆ ತಂದವರು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್. ಎಂಜಿನಿಯರ್ ಆಗಿ ಒಂದು ಕಾರ್ಖಾನೆ ಸೇರಿದ್ದರು. ಅಲ್ಲಿ ಮರದ ಪುಡಿ, ಚಕ್ಕೆಗಳನ್ನು ಹೀರುವ ಯಂತ್ರವನ್ನು ಸರಿಪಡಿಸುವ ಕೆಲಸ ಬಂತು. ಕೊಳವೆಯೊಳಗಿನ ಗಾಳಿ ಪುಸ್ತಕ ಹೇಳಿದಂತೆ ಹರಿಯುತ್ತಿರಲಿಲ್ಲ, ಗೋಡೆ ಬಿಟ್ಟು ದೂರ ಸರಿಯುತ್ತಿತ್ತು. ಆ ಪ್ರಶ್ನೆ ಅವರನ್ನು ಬಿಡಲಿಲ್ಲ. 1904ರಲ್ಲಿ, 29ನೇ ವಯಸ್ಸಿನಲ್ಲಿ, ಹೈಡೆಲ್‌ಬರ್ಗ್‌ನ ಗಣಿತ ಸಮ್ಮೇಳನದಲ್ಲಿ ಉತ್ತರ ಕೊಟ್ಟರು. ವಸ್ತುವಿನ ಮೈಗೆ ತಾಗಿದ ಗಾಳಿ ನಿಂತೇ ಇರುತ್ತದೆ, ಹರಿವಿನ ಎಲ್ಲ ಗೊಂದಲ ಆ ತೆಳು ಪದರದಲ್ಲೇ ನಡೆಯುತ್ತದೆ ಅಂದರು. ಅದಕ್ಕೆ ಸೀಮಾಪದರ ಅಂತ ಹೆಸರು. ವಿಮಾನದ ರೆಕ್ಕೆಯನ್ನು ಇವತ್ತಿಗೂ ಆ ಲೆಕ್ಕದ ಮೇಲೆಯೇ ಮಾಡುತ್ತಾರೆ. ಮರದ ಪುಡಿಯಿಂದ ವಿಮಾನಕ್ಕೆ, ಅಲ್ಲಿಂದ ಬಾಳೆಹಣ್ಣಿಗೆ. ನನಗಂತೂ ಇದು ಎಷ್ಟು ಸಲ ನೆನೆದರೂ ಖುಷಿ ಕೊಡುತ್ತದೆ.

ವಿಮಾನ ಇನ್ನೊಂದು ದಾರಿಯಿಂದಲೂ ಇಲ್ಲಿಗೆ ಬರುತ್ತದೆ. 1940ರ ದಶಕದಲ್ಲಿ ಅಮೆರಿಕದ ವಿಲಿಯಂ ಮ್ಯಾಕ್ಸನ್ ವಿಮಾನದಲ್ಲಿ ಹೆಪ್ಪುಗಟ್ಟಿದ ಊಟವನ್ನು ಬಿಸಿ ಮಾಡಲು ಒಂದು ಚಿಕ್ಕ ಓವನ್ ಮಾಡಿದರು. ಹಿಂಬದಿಗೆ ಫ್ಯಾನ್ ಇತ್ತು. ಹೆಸರು ವರ್ಲ್‌ವಿಂಡ್, ಅಂದರೆ ಸುಂಟರಗಾಳಿ. ಫಿಲಿಪ್ಸ್ ಕಂಪನಿ ಏರ್ ಫ್ರೈಯರ್ ಎಂಬ ಹೆಸರಿನಲ್ಲಿ ಬರ್ಲಿನ್ ಮೇಳದಲ್ಲಿ ಯಂತ್ರ ತೋರಿಸಿದ್ದು 2010ರಲ್ಲಿ. ಬುದ್ಧಿ ಹಳೆಯದು, ಡಬ್ಬಿ ಹೊಸದು.

ಈಗ ನನ್ನ ಮೊದಲ ದಿನದ ಬುಟ್ಟಿ ನೋಡಿ. ಹೋಳುಗಳು ಒತ್ತಾಗಿದ್ದವು. ಆರಿಸಬೇಕಾದ ನೀರು ಎರಡು ಪಟ್ಟು, ಗಾಳಿಗೆ ದಾರಿ ಇಲ್ಲ. ಬಂದ ಆವಿ ಹೋಳುಗಳ ನಡುವೆಯೇ ನಿಂತಿತು. ನನ್ನ ಏರ್ ಫ್ರೈಯರ್ ಹಬೆಯಲ್ಲಿ ಬೇಯಿಸುವ ಅಟ್ಟಿನಳಗೆಯಾಗಿತ್ತು. ಹಣ್ಣು ಕಡುಬಿನಂತೆ ಬೆಂದಿತ್ತು.

ಎಣ್ಣೆ ಬೇಡದ ಯಂತ್ರಕ್ಕೆ ತುಪ್ಪ ಯಾಕೆ ಅಂತ ಕೇಳಬಹುದು. ಹಣ್ಣಿನ ಮೈ ಕಣ್ಣಿಗೆ ನುಣುಪು, ಆದರೆ ಅದರ ತುಂಬ ಸಣ್ಣ ಸಣ್ಣ ಗುಂಡಿಗಳು. ತುಪ್ಪ ಅವನ್ನು ತುಂಬಿ ಶಾಖವನ್ನು ಸಮವಾಗಿ ಹರಡುತ್ತದೆ. ನೀರಿನಂತೆ 100ಕ್ಕೆ ಆವಿಯಾಗಿ ಓಡಿಹೋಗುವುದಿಲ್ಲ. ಏಲಕ್ಕಿಯ ಪರಿಮಳವೂ ತುಪ್ಪದಲ್ಲಿ ಚೆನ್ನಾಗಿ ಕರಗಿ ನಿಲ್ಲುತ್ತದೆ. ಬೆಲ್ಲವನ್ನು ಕೊನೆಗೆ ಹಾಕಲು ಕಾರಣ ಬೇರೆ. ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಸ್ವಲ್ಪ ಬಿಡಿಯಾಗಿ ಇರುತ್ತವೆ. ಮೇಯಾರ್ ಕ್ರಿಯೆಗೆ ಇಳಿಯುವುದು ಇಂಥ ಬಿಡಿ ಸಕ್ಕರೆಗಳೇ. ಹಾಗಾಗಿ ಬೆಲ್ಲ ಬಿಳಿ ಸಕ್ಕರೆಗಿಂತ ಬೇಗ ಕೆಂಪಾಗುತ್ತದೆ, ಬೇಗ ಕರಕಲೂ ಆಗುತ್ತದೆ. ಕಪ್ಪಗಾದರೆ ಕಹಿ, ತಿನ್ನಬೇಡಿ.

ನೇಂದ್ರವೇ ಬೇಕಾ? ಏಲಕ್ಕಿ ಬಾಳೆಯಲ್ಲೂ ಮಾಡಿದ್ದೇನೆ, ಕರಗಿ ಬುಟ್ಟಿಗೆ ಅಂಟಿತು. ಹಣ್ಣಾಗುವಾಗ ಬಾಳೆಯ ಪಿಷ್ಟ ಸಕ್ಕರೆಯಾಗುತ್ತಾ ಹೋಗುತ್ತದೆ. ನೇಂದ್ರದಲ್ಲಿ ಹಣ್ಣಾದ ಮೇಲೂ ಪಿಷ್ಟ ಸಾಕಷ್ಟು ಉಳಿಯುವುದರಿಂದ ಹೋಳು ಆಕಾರ ಬಿಡುವುದಿಲ್ಲ. ಬಾಳೆ ಸಿಗದಿದ್ದರೆ ಬನವಾಸಿ ಕಡೆಯ ಅನಾನಸ್ ಒಳ್ಳೆಯದು. ಹಸಿ ಅನಾನಸನ್ನು ಮೊಸರಿಗೆ ಹಾಕಿಟ್ಟರೆ ಕಹಿಯಾಗುತ್ತದೆ, ಅಲ್ವಾ? ಅದರಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಮೊಸರಿನ ಪ್ರೋಟೀನನ್ನು ಕತ್ತರಿಸುತ್ತದೆ. ಚೆನ್ನಾಗಿ ಬಿಸಿ ಮಾಡಿದರೆ ಆ ಕಿಣ್ವ ಕೆಡುತ್ತದೆ, ಮೊಸರು ಸಿಹಿಯಾಗಿಯೇ ಉಳಿಯುತ್ತದೆ.

ಬುಟ್ಟಿಯಿಂದ ತೆಗೆದ ಕೂಡಲೇ ಬಾಯಿಗೆ ಹಾಕಬೇಡಿ, ಬೆಲ್ಲದ ಪಾಕ ನಾಲಿಗೆ ಸುಡುತ್ತದೆ. ಹಾಗಂತ ಪೂರ್ತಿ ಆರಲೂ ಬಿಡಬೇಡಿ. ನಾಲಿಗೆಯ ರುಚಿ ಕೋಶಗಳಲ್ಲಿ ಟಿಆರ್‌ಪಿಎಂ5 ಎಂಬ ಒಂದು ಪುಟ್ಟ ಬಾಗಿಲಿದೆ. ಸಿಹಿಯ ಸುದ್ದಿ ಮಿದುಳಿಗೆ ಹೊರಡಲು ಅದು ತೆರೆಯಬೇಕು. 15 ಡಿಗ್ರಿಯಿಂದ 35 ಡಿಗ್ರಿಯವರೆಗೆ ಬಿಸಿ ಏರಿದಂತೆ ಅದು ಹೆಚ್ಚು ಹೆಚ್ಚು ತೆರೆಯುತ್ತದೆ ಎಂದು 2005ರಲ್ಲಿ ಗೊತ್ತಾಯಿತು. ಕರಗಿದ ಐಸ್‌ಕ್ರೀಮ್ ಗಟ್ಟಿ ಐಸ್‌ಕ್ರೀಮಿಗಿಂತ ಸಿಹಿ ಅನ್ನಿಸುವುದು ಅದಕ್ಕೇ.

ದೊಡ್ಡಮ್ಮ ಬಿಸಿ ಇರುವಾಗ ಒಂದು ಹೋಳು ತಿಂದು, ಬೆಲ್ಲ ಜಾಸ್ತಿಯಾಯಿತು ಅಂದರು. ಬೆಳಗ್ಗೆ ಫ್ರಿಜ್‌ನಿಂದ ಉಳಿದದ್ದನ್ನು ತೆಗೆದು ತಿಂದರು. "ಇದಕ್ಕೆ ಬೆಲ್ಲ ಹಾಕಲೇ ಇಲ್ಲವಾ?" ಎಂದು ಕೇಳಿದರು.